ಹಾಲಿನ ಟ್ಯಾಂಕಿಗೆ ಗ್ಯಾಸ್ ಜಾಕೆಟ್ಟಾ, ಐಸ್ ನೀರಿನ ಜಾಕೆಟ್ಟಾ?

ಬಿಎಂಸಿ (ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕು, ಬಲ್ಕ್ ಮಿಲ್ಕ್ ಕೂಲರ್) ಹಾಕಿಸಲು ಹೊರಟವರು ಮೊದಲು ಕೇಳುವುದು "ಎಷ್ಟು ಲೀಟರಿಂದು?" ಅಂತ. ನಾನಾದರೆ, ಒಂದು ಹೊತ್ತಿಗೆ ಎಷ್ಟು ಹಾಲು ಬೀಳುತ್ತದೆ, ಎಷ್ಟು ಗಂಟೆಯಲ್ಲಿ ತಣ್ಣಗಾಗಬೇಕು ಅಂತ ಕೇಳುತ್ತೇನೆ. ಜಾಕೆಟ್ ಅಂದರೆ ಟ್ಯಾಂಕಿಗೆ ಹೊರಗಿನಿಂದ ಕೊಟ್ಟ ತಣ್ಣನೆಯ ಪದರ. ಅದರಲ್ಲಿ ಫ್ರಿಜ್ಜಿನಲ್ಲಿರುವಂಥ ಗ್ಯಾಸ್ ಹರಿಯಬಹುದು, ಇಲ್ಲವೇ ಐಸಿನಿಂದ ತಣ್ಣಗಾದ ನೀರು. ಎರಡೂ ಥರದ ಟ್ಯಾಂಕು ನಡೆಸಿದ್ದೇನೆ. ಜಾಕೆಟ್ ಸಾಲದಿದ್ದರೆ ಟ್ಯಾಂಕು ಎಷ್ಟು ದೊಡ್ಡದಿದ್ದರೂ ಹಾಲು ಹುಳಿಯಾಗುತ್ತದೆ.

ಲೆಕ್ಕ ಸುಲಭ. 1,000 ಲೀಟರ್ ಹಾಲನ್ನು 35 ಡಿಗ್ರಿಯಿಂದ 4ಕ್ಕೆ 3 ಗಂಟೆಯಲ್ಲಿ ಇಳಿಸಲು ಸುಮಾರು 11.6 ಕಿಲೋವ್ಯಾಟ್, ಅಂದರೆ (ಎ.ಸಿ.ಗೆ ಹೇಳುವ ಟನ್ ಲೆಕ್ಕದಲ್ಲಿ) 3.3 ಟನ್ ಕೂಲಿಂಗ್ ಬೇಕು. ಹೊರಗಿನ ಬಿಸಿಗೆ ಅಂತ ಇದರ ಮೇಲೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.

ಗ್ಯಾಸ್ ನೇರವಾಗಿ ಹರಿಯುವ ಜಾಕೆಟ್ ಮೈನಸ್ 1ರ ಆಸುಪಾಸಿನಲ್ಲಿರುತ್ತದೆ ಅಂತಿಟ್ಟುಕೊಳ್ಳಿ. ಶುರುವಿನಲ್ಲಿ ಹಾಲಿಗೂ ಅದಕ್ಕೂ 36 ಡಿಗ್ರಿ ಅಂತರ, ಕೊನೆಗೆ ಬರೀ 5. ಹಾಗಾಗಿ 35ರಿಂದ 10ಕ್ಕೆ ಸರಸರ ಇಳಿದ ಹಾಲು 10ರಿಂದ 4ಕ್ಕೆ ಬರುವಾಗ ತೆವಳುತ್ತದೆ, ಒಟ್ಟು ಸಮಯದಲ್ಲಿ ನೂರಕ್ಕೆ ಸುಮಾರು 40 ಭಾಗ ಆ ಕೊನೆಯ 6 ಡಿಗ್ರಿಗೇ ಹೋಗುತ್ತದೆ. ಐಸ್ ನೀರು 1 ಡಿಗ್ರಿಯಲ್ಲಿದ್ದರೆ ಇದು 45 ಭಾಗಕ್ಕೆ ಏರುತ್ತದೆ. ಅಷ್ಟೇ ಹೊತ್ತಿನಲ್ಲಿ ಮುಗಿಯಬೇಕು ಅಂದರೆ ಐಸ್ ನೀರಿಗೆ ಜಾಕೆಟ್ಟಿನ ವಿಸ್ತೀರ್ಣ ನೂರಕ್ಕೆ ಸುಮಾರು 20 ಭಾಗ ಹೆಚ್ಚೇ ಬೇಕು. ಮಾರುವವರು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ಹಾಗಂತ ಐಸ್ ದಂಡ ಅಲ್ಲ. ಕಡಿಮೆ ಹಾಲು ಬಿದ್ದ ದಿನ ಕಲಕುವ ಮೋಟರ್ ನಿಂತರೆ ಗ್ಯಾಸ್ ಜಾಕೆಟ್ಟಿನ ತಳದಲ್ಲಿ ಹಾಲು ಐಸಾಗಿ ಕೂರುತ್ತದೆ, ಐಸ್ ನೀರಿನಲ್ಲಿ ಆ ಭಯ ಇಲ್ಲ. ಇನ್ನು ಕರೆಂಟು. ರಾತ್ರಿ ತ್ರೀ ಫೇಸ್ ಬಂದಾಗ 375 ಕೆಜಿಯಷ್ಟು ಐಸ್ ಕಟ್ಟಿಟ್ಟುಕೊಂಡರೆ ಒಂದು ಹೊತ್ತಿನ 1,000 ಲೀಟರಿಗೆ ಸಾಕು. 8 ಗಂಟೆ ಓಡಿಸಿದರೆ ಒಂದೂಕಾಲು ಟನ್ನಿನ ಚಿಕ್ಕ ಕಂಪ್ರೆಸರ್ ಈ ಕೆಲಸ ಮಾಡುತ್ತದೆ. ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಕರೆಂಟು ಹೋದರೂ ಪಂಪು, ಕಲಕುವ ಮೋಟರ್ ಎರಡಕ್ಕೇ ಜನರೇಟರ್ ಇದ್ದರಾಯಿತು. ಆದರೆ ಐಸ್ ದಪ್ಪ ಆದಷ್ಟೂ ಕಂಪ್ರೆಸರ್ ಹೆಚ್ಚು ಏದುತ್ತದೆ, ಬಿಲ್ಲು ಜಾಸ್ತಿ ಬರುತ್ತದೆ. ಜಾಗವೂ ಜಾಸ್ತಿ ತಿನ್ನುತ್ತದೆ.

ಯಾವುದೇ ತಗೊಳ್ಳಿ, ಟ್ಯಾಂಕಿನ ಮೇಲಿನ ಅಕ್ಷರ ಓದಿ. "2ಬಿII" ಅಂತಿದ್ದರೆ ಎರಡು ಹೊತ್ತಿನ ಹಾಲು ಹಿಡಿಸುವ ಟ್ಯಾಂಕು (2), ಒಂದು ಹೊತ್ತಿನ ಅರ್ಧ ಟ್ಯಾಂಕ್ ಹಾಲನ್ನು 32 ಡಿಗ್ರಿ ವಾತಾವರಣದಲ್ಲಿ (ಬಿ) 3 ಗಂಟೆಯಲ್ಲಿ (II) ತಣ್ಣಗೆ ಮಾಡುತ್ತದೆ ಅಂತ. ಎರಡು ಹೊತ್ತಿನ ಹಾಲನ್ನು ಒಂದೇ ಹೊತ್ತಿಗೆ ಸುರಿದರೆ ಸಮಯ ಹೆಚ್ಚುಕಡಿಮೆ ದುಪ್ಪಟ್ಟು. ರಾಯಚೂರು, ಕಲಬುರಗಿಯ ಬೇಸಿಗೆಗೆ 'ಬಿ' ಸಾಲದು, 38 ಡಿಗ್ರಿಗೆ ಲೆಕ್ಕ ಹಾಕಿದ 'ಎ' ಬೇಕು.

ಬೋರ್‌ವೆಲ್ ನೀರು 25 ಡಿಗ್ರಿ ಸಿಗುವ ಕಡೆ ಟ್ಯಾಂಕಿಗೆ ಮೊದಲೇ ಒಂದು ಪ್ಲೇಟ್ ಕೂಲರ್ (ತೆಳು ತಗಡುಗಳ ಒಂದು ಬದಿ ಹಾಲು, ಇನ್ನೊಂದು ಬದಿ ನೀರು ಹರಿಯುವ ಸಾಧನ) ಇಟ್ಟರೆ ಹಾಲು 28ಕ್ಕೆ ಇಳಿದೇ ಟ್ಯಾಂಕಿಗೆ ಬರುತ್ತದೆ. ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊರೆ ಅಲ್ಲೇ ಮುಗಿಯಿತು, ಆದರೆ ದಿನಾ ಸರಿಯಾಗಿ ತೊಳೆಯುವವರಿದ್ದರೆ ಮಾತ್ರ ಹಾಕಿಸಿ.

ಬೆಳಗ್ಗೆ, ಸಂಜೆ ಕರೆಂಟು ನಂಬಬಹುದಾದ ಊರಿಗೆ ನನ್ನ ಓಟು ಗ್ಯಾಸಿಗೆ. ಲೋಡ್ ಶೆಡ್ಡಿಂಗ್ ಊರಿಗೆ ಐಸ್, ಅದೂ ಜಾಕೆಟ್ಟಿನ ವಿಸ್ತೀರ್ಣ ಬರೆದು ಕೊಟ್ಟರೆ ಮಾತ್ರ.