‘ನೋಡೋಣ’ ಎಂದದ್ದೇ ನನ್ನ ತಪ್ಪು: ತಾಂಬೂಲದ ಜೊತೆ ಬಂದ ಚೈನ್ ಲಿಂಕ್

ಅರಿಶಿನ ಕುಂಕುಮಕ್ಕೆ ಕರೆದವರ ಮನೆಯಲ್ಲಿ, ಒಬ್ಬರು ಇನ್ನಿಬ್ಬರನ್ನು ಸೇರಿಸುತ್ತ ಹೋಗುವ ಚೈನ್ ಲಿಂಕ್ ಯೋಜನೆಗೆ ಸಿಕ್ಕಿ ಮೋಸಹೋದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಸಹಕಾರ ಸಂಘವೊಂದರಲ್ಲಿ 11 ವರ್ಷಗಳಿಂದ ಲೆಕ್ಕ ಬರೆಯುತ್ತಿರುವವಳು ನಾನು. ಒಂದು ರೂಪಾಯಿ ತಾಳೆಯಾಗದಿದ್ದರೂ ಸಂಜೆ ಕುರ್ಚಿ ಬಿಟ್ಟು ಏಳದವಳು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಈ ಶ್ರಾವಣದಲ್ಲಿಯೂ ಅದೇ ಮನೆಯಿಂದ ಬೇರೆ ಹೆಂಗಸರಿಗೆ ಕರೆ ಹೋಗಿದೆ.

ಕರೆದವಳು ಶಿವಮೊಗ್ಗದಲ್ಲಿ ನನ್ನೊಡನೆ ಪಿಯುಸಿ ಓದಿದ ಗೆಳತಿ. ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ಸಂಜೆ ನಾನು ಹೋದಾಗ ಕಳಶದ ಮುಂದೆ ಹಾಡು ಹೇಳುವವರು ಯಾರೂ ಇರಲಿಲ್ಲ. ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು, ಕೋಟು ತೊಟ್ಟವರೊಬ್ಬರು ಬಿಳಿ ಹಲಗೆಯ ಮೇಲೆ ‘ಲೆಫ್ಟ್’, ‘ರೈಟ್’ ಎಂದು ಗೆರೆ ಎಳೆಯುತ್ತಿದ್ದರು. ‘ನಮ್ಮ ಅಪ್‌ಲೈನ್ ಸರ್’ ಎಂದು ಗೆಳತಿ ಪರಿಚಯಿಸಿದಳು, ಅಂದರೆ ಈ ಸರಪಳಿಯಲ್ಲಿ ಅವಳಿಗಿಂತ ಮೇಲಿನವರು. 18,000 ರೂಪಾಯಿ ಕಟ್ಟಿದರೆ ಯಾವುದೋ ಹಣ್ಣಿನ ರಸದ ಬಾಟಲಿಗಳು, ಪ್ರೋಟೀನ್ ಪುಡಿಯ ಡಬ್ಬಿಗಳು. ಎಡಕ್ಕೊಬ್ಬರು ಬಲಕ್ಕೊಬ್ಬರು ಸೇರಿದರೆ ಒಂದು ಪೇರ್, ಪೇರ್‌ಗೆ 1,500 ರೂಪಾಯಿ. ಒಂದು ಗಂಟೆಯ ಆ ಭಾಷಣದಲ್ಲಿ ಅಷ್ಟು ರಸವನ್ನು ಕೊಂಡು ಕುಡಿಯುವವರು ಯಾರು ಎಂಬ ಮಾತು ಒಮ್ಮೆಯೂ ಬರಲಿಲ್ಲ.

ನನಗೆ ಬೇಡವೆಂದು ಆಗಲೇ ತೀರ್ಮಾನವಾಗಿತ್ತು. ಆದರೆ ಹಬ್ಬದ ಮನೆಯಲ್ಲಿ ‘ಬೇಡ’ ಎನ್ನಲು ನಾಲಿಗೆ ಏಳಲಿಲ್ಲ. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದೆ. ‘ಇಷ್ಟು ಓದಿ, ಕೆಲಸದಲ್ಲಿದ್ದೂ ಗಂಡನ ಪರ್ಮಿಷನ್ ಬೇಕೇನೇ? ಹಾಗಿದ್ರೆ ಅವರನ್ನೂ ಕರ್ಕೊಂಡು ಬಾ, ಸರ್ ಮಾತಾಡ್ತಾರೆ’ ಎಂದಳು. ಕೈಯಲ್ಲಿ ದುಡ್ಡಿಲ್ಲ ಎಂದೆ. ‘ಕೈಯಲ್ಲಿ ಬಳೆ ಇದೆಯಲ್ಲ, ಮೂರು ತಿಂಗಳಲ್ಲಿ ಬಿಡಿಸ್ಕೋಬಹುದು’ ಎಂದಳು. ಪುರುಸೊತ್ತಿಲ್ಲ ಎಂದರೆ, ದಿನಕ್ಕೆ ಎರಡು ಗಂಟೆ ಸಾಕಂತೆ. ನಾನು ಹೇಳುವ ಪ್ರತಿ ನೆಪಕ್ಕೂ ಅವಳಿಗೆ ಮೊದಲೇ ಉತ್ತರ ಕಲಿಸಿ ಕಳುಹಿಸಿದ್ದರೆಂಬುದು ನನಗೆ ತಡವಾಗಿ ಹೊಳೆಯಿತು. ಕೊನೆಗೆ ‘ನೋಡೋಣ’ ಎಂದುಬಿಟ್ಟೆ. ಹೆಣ್ಣು ನೋಡಿ ಹೋದವರು ‘ನೋಡೋಣ’ ಎಂದರೆ ಅದರ ಅರ್ಥವೇನೆಂದು ನಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಅವಳಿಗೆ ಮಾತ್ರ ಅದು ಒಪ್ಪಿಗೆಯಾಗಿ ಕೇಳಿಸಿತು. ‘ಫ್ರೀ ರಿಜಿಸ್ಟ್ರೇಷನ್ ಅಷ್ಟೇ’ ಎಂದು ಪ್ಯಾನ್ ಕಾರ್ಡಿನ ಫೋಟೊ ಕೇಳಿದಳು. ಕೊಟ್ಟರೆ ಎದ್ದು ಹೋಗಲು ಬಿಟ್ಟಾಳೆಂದು ಕೊಟ್ಟೆ.

ಮನೆಗೆ ಬಂದು ತಾಂಬೂಲದ ಚೀಲ ಬಿಚ್ಚಿದೆ. ತೆಂಗಿನಕಾಯಿ, ವೀಳ್ಯದೆಲೆ, ಬಳೆ, ರವಿಕೆ ಕಣ. ಆ ಕಣದ ಮಡಿಕೆಯೊಳಗೆ ಒಂದು ಅರ್ಜಿ ಇತ್ತು, ಅದರಲ್ಲಿ ನನ್ನ ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲವನ್ನೂ ಅವಳ ಕೈಬರಹದಲ್ಲಿ ತುಂಬಿಸಿ, ಸಹಿಯ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಲಾಗಿತ್ತು. ನಾನು ಅವಳ ಹೊಸ್ತಿಲು ದಾಟುವ ಮೊದಲೇ ಅರ್ಜಿ ಸಿದ್ಧವಾಗಿತ್ತು! ಕರೆದದ್ದು ಮುತ್ತೈದೆಯನ್ನಲ್ಲ, ಅವಳ ‘ರೈಟ್ ಲೆಗ್’ ಅನ್ನು. ತಾಂಬೂಲವನ್ನು ಯಾರೂ ಬೇಡವೆನ್ನುವುದಿಲ್ಲವೆಂದು ಗೊತ್ತಿದ್ದೇ ಅದರೊಳಗೆ ಇಟ್ಟಿದ್ದಳು. ಆ ಹಾಳೆಯನ್ನು ಹಿಡಿದು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು.

ನಾನು ಸಹಿ ಮಾಡಲಿಲ್ಲ. ಆದರೂ ನಾಲ್ಕನೆಯ ದಿನ ಫೋನ್ ಬಂತು: ‘ಕ್ಲೋಸಿಂಗ್ (ಪೇರ್ ಲೆಕ್ಕ ಮುಗಿಸುವ ದಿನ) ಇತ್ತು ಕಣೇ, ನಿನ್ನ ಹೆಸರಲ್ಲಿ ನಾನೇ ಕಟ್ಟಿದೀನಿ, ನಿಧಾನಕ್ಕೆ ಕೊಡು.’ ಯಾರು ಕಟ್ಟಲು ಹೇಳಿದ್ದರು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಗೆಳೆತನ ಕೆಡಬಾರದೆಂದು 6,000 ರೂಪಾಯಿ ಕಳುಹಿಸಿ, ಉಳಿದದ್ದು ನನ್ನಿಂದಾಗದು, ನನ್ನ ಹೆಸರು ತೆಗೆದುಬಿಡು ಎಂದೆ. ತೆಗೆಯಲಿಲ್ಲ. ಬದಲಿಗೆ ಆ ಹೆಸರನ್ನೇ ತೋರಿಸಿ, ‘ನಿಮ್ಮ ಅತ್ತಿಗೆಯೇ ಸೇರಿದ್ದಾರೆ, ಅವರು ಲೆಕ್ಕ ನೋಡದೆ ಸೇರುತ್ತಾರೆಯೇ?’ ಎಂದು ಭದ್ರಾವತಿಯಲ್ಲಿರುವ ನನ್ನ ನಾದಿನಿಯಿಂದ 18,000 ಕಟ್ಟಿಸಿದಳು. ದೀಪಾವಳಿಗೆ ಬಂದ ನಾದಿನಿ, ‘ಅತ್ತಿಗೆ, ನಮ್ಮ ಪೇರ್ ಯಾವಾಗ ಆಗುತ್ತೆ?’ ಎಂದು ಅತ್ತೆಯವರ ಎದುರಿಗೇ ಕೇಳಿದಳು. ಅಂದಿನಿಂದ ಅವಳು ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ.

ಆ ರಾತ್ರಿ, ಮೊದಲ ದಿನವೇ ಮಾಡಬೇಕಿದ್ದ ಲೆಕ್ಕ ಮಾಡಿದೆ. ಒಬ್ಬೊಬ್ಬರು ಇಬ್ಬರನ್ನು ಸೇರಿಸುತ್ತ ಹೋದರೆ 20ನೆಯ ಹಂತದಲ್ಲಿಯೇ 10,48,576 ಜನ ಬೇಕು. 26ನೆಯ ಹಂತದಲ್ಲಿ 6 ಕೋಟಿ 71 ಲಕ್ಷ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6 ಕೋಟಿ 11 ಲಕ್ಷ. ತೊಟ್ಟಿಲ ಕೂಸುಗಳನ್ನು ಸೇರಿಸಿದರೂ ಸಾಲದು. ಇದನ್ನು ಅವಳಿಗೆ ಹೇಳಿದಾಗ ಬಂದ ಉತ್ತರ: ‘ನೀನು ನೆಗೆಟಿವ್ ಆಗಿ ಯೋಚಿಸ್ತೀಯ.’ 2021ರ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ, 1978ರ ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು ಆಗಬಹುದು, ಮೇಲಿನವರಿಗೆ ಮಾತ್ರವಲ್ಲ, ಸೇರಿದವರಿಗೂ ಅದು ತಗಲುತ್ತದೆ ಎಂದೆ. ‘ನಮ್ಮದು ಪಿರಮಿಡ್ ಅಲ್ಲ, ನೆಟ್‌ವರ್ಕ್. ಜಿಎಸ್‌ಟಿ ನಂಬರ್ ಇದೆ’ ಎಂದಳು. ಜಿಎಸ್‌ಟಿ ನಂಬರ್ ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಗೂ ಇದೆ. ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಕೊನೆಯ ಸಂದೇಶವಂತೂ ನನಗೆ ಬಾಯಿಪಾಠವಾಗಿದೆ: ‘ಲಕ್ಷ್ಮಿ ಮನೆ ಬಾಗಿಲಿಗೆ ಬಂದಾಗ ಬಾಗಿಲು ಹಾಕಿದವಳು ನೀನು.’

ಅಕ್ಕತಂಗಿಯರೇ, ‘ಒಂದು ಒಳ್ಳೆ ವಿಷಯ ಇದೆ, ಫೋನಲ್ಲಿ ಬೇಡ’ ಎಂದು ಯಾರಾದರೂ ಕರೆದರೆ, ವಿಷಯವನ್ನು ಫೋನಿನಲ್ಲಿಯೇ ಕೇಳಿ. ಕಾರಣ ಕೊಡಬೇಡಿ, ಕೊಟ್ಟ ಕಾರಣವನ್ನೇ ಹಿಡಿದು ಎಳೆಯುತ್ತಾರೆ. ‘ನನಗೆ ಇದು ಬೇಡ, ಮತ್ತೆ ಕೇಳಬೇಡ’ ಎಂದಷ್ಟೇ ಹೇಳಿ. ಪ್ಯಾನ್, ಆಧಾರ್ ಕೊಡಲೇಬೇಡಿ. ಕೊಟ್ಟಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಾನು ಮುಜುಗರಪಟ್ಟುಕೊಂಡು ಎಂಟು ತಿಂಗಳು ಸುಮ್ಮನಿದ್ದ ಹಾಗೆ ಇರಬೇಡಿ.

ನನ್ನ 6,000 ಬಂದಿಲ್ಲ. ನಾದಿನಿಯ 18,000ವನ್ನು ನಾನೇ ತಿಂಗಳಿಗೆ 1,500ರಂತೆ ತೀರಿಸುತ್ತಿದ್ದೇನೆ, ಇನ್ನೂ ಏಳು ಕಂತು ಬಾಕಿ ಇದೆ.