ಪೋರ್ಟಬಲ್ ಫ್ಲೋರೆಸೆನ್ಸ್ ಮೀಟರ್: ನೀರಿಗೆ ಓಕೆ, ಅಡುಗೆ ಸಾಮಾನಿಗೆ ಬೇಡ

ಮಹದೇವಪುರದ ಕಡೆ ಅಪಾರ್ಟ್‌ಮೆಂಟು ನಮ್ದು, ಕಾವೇರಿ ಬಂದಾಗ ಬಂತು, ಮಿಕ್ಕಿದ್ದೆಲ್ಲಾ ಬೋರು ಇಲ್ಲಾ ಟ್ಯಾಂಕರ್. ಟಿಡಿಎಸ್ ಮೀಟರ್ ಎಲ್ರ ಮನೇಲೂ ಇರತ್ತೆ, ಆದ್ರೆ ಅದು ಕರಗಿರೋ ಉಪ್ಪಿನ ಲೆಕ್ಕ ಹೇಳತ್ತೆ ಅಷ್ಟೇ, ಸೀಸ (ಲೆಡ್) ಇದ್ಯಾ ಇಲ್ವಾ ಅದಕ್ಕೇನು ಗೊತ್ತು. ಅದಕ್ಕೇ ಹೊಳಪು ನೋಡಿ ಸೀಸ ಅಳೆಯೋ ಈ ಫ್ಲೋರೆಸೆನ್ಸ್ ಮೀಟರ್ ತಗೊಂಡಿದ್ದು, ವರ್ಷದ ಮೇಲಾಯ್ತು.

ಕ್ಯೂವೆಟ್ ಅನ್ನೋ ಪುಟ್ಟ ಪಾರದರ್ಶಕ ಕೊಳವೆಗೆ ನೀರು ಹಾಕಿ ರೀಏಜೆಂಟ್ (ಟೆಸ್ಟ್ ಮಾಡೋ ಕೆಮಿಕಲ್) ಬೆರೆಸ್ಬೇಕು, ಅದ್ರಲ್ಲಿರೋ ಡೈ ಸೀಸಕ್ಕೆ ಅಂಟ್ಕೊಂಡ್ರೆ ಯುವಿ ಬೆಳಕಲ್ಲಿ ಅದ್ರ ಹೊಳಪು ಬದಲಾಗತ್ತೆ, ಸೆನ್ಸರ್ ಅದನ್ನ ಅಳೆದು ನಂಬರ್ ತೋರ್ಸತ್ತೆ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಕುಡಿಯೋ ನೀರಲ್ಲಿ ಸೀಸ ಲೀಟರ್‌ಗೆ 0.01 ಮಿಲಿಗ್ರಾಂ ದಾಟ್ಬಾರ್ದು, ಅಂದ್ರೆ 10 ಪಿಪಿಬಿ (ನೂರು ಕೋಟಿ ಭಾಗದಲ್ಲಿ ಹತ್ತು ಭಾಗ).

ದುಡ್ಡು ವಸೂಲಾಗಿದ್ದು ಅಡುಗೆಮನೆ ನಲ್ಲೀಲಿ. ಬೆಳಿಗ್ಗೆ ಮೊದಲು ಹಿಡಿದ ನೀರು ಲಿಮಿಟ್ ದಾಟ್ತಿತ್ತು, ಸ್ವಲ್ಪ ಹೊತ್ತು ನೀರು ಬಿಟ್ಟು ಆಮೇಲೆ ಹಿಡಿದ್ರೆ ನಾರ್ಮಲ್, ಬಾತ್ರೂಮ್ ನಲ್ಲೀಲಿ ಯಾವಾಗ ಹಿಡಿದ್ರೂ ನಾರ್ಮಲ್. ಸೋ ಟ್ಯಾಂಕರ್‌ನೋರನ್ನ ಬೈಯೋ ಹಾಗಿಲ್ಲ, ಆ ಅಗ್ಗದ ಹಿತ್ತಾಳೆ ನಲ್ಲಿನೇ ರಾತ್ರಿಯೆಲ್ಲಾ ನಿಂತ ನೀರಿಗೆ ಸೀಸ ಬಿಡ್ತಿತ್ತು. ಎನ್‌ಎಬಿಎಲ್ ಮಾನ್ಯತೆ ಇರೋ ಟೆಸ್ಟಿಂಗ್ ಲ್ಯಾಬಿಗೆ ಕೊಟ್ಟು ಕನ್ಫರ್ಮ್ ಮಾಡ್ಕೊಂಡೇ ನಲ್ಲಿ ಬದಲಾಯ್ಸಿದ್ದು. "ಕುದಿಸಿ ಕುಡಿದ್ರೆ ಸಾಕಲ್ವೇನೋ" ಅಂತ ನಮ್ಮಮ್ಮ ಈಗ್ಲೂ ಅಂತಾರೆ, ಕುದಿಸಿದ್ರೆ ನೀರು ಆವಿಯಾಗತ್ತೆ, ಸೀಸ ಅಲ್ಲೇ ಕೂತಿರತ್ತೆ ಅಂದ್ರೆ ನಂಬಲ್ಲ.

ಮೀಟರ್ ಡಬ್ಬಿ ಮೇಲೆ ಅರಿಶಿನ, ಕಡ್ಲೆಕಾಯಿ ಚಿತ್ರ ನೋಡಿ ಖುಷಿ ಪಡ್ಬೇಡಿ. ಅರಿಶಿನಕ್ಕೆ ಕಲಬೆರಕೆ ಮಾಡೋ ಲೆಡ್ ಕ್ರೋಮೇಟ್ (ಸೀಸ ಇರೋ ಹಳದಿ ಬಣ್ಣ) ಹಿಡಿಯೋಣ ಅಂದ್ರೆ ಅರಿಶಿನಕ್ಕೆ ಹಳದಿ ಬಣ್ಣ ಕೊಡೋ ಕರ್ಕ್ಯುಮಿನ್ ತಾನೇ ಯುವಿಯಲ್ಲಿ ಹೊಳೆಯತ್ತೆ, ಮೀಟರ್ ಕಕ್ಕಾಬಿಕ್ಕಿ. ಬಸವನಗುಡಿ ಪರಿಷೆಯಿಂದ ತಂದ ಕಡ್ಲೆಕಾಯಲ್ಲಿ ಅಫ್ಲಟಾಕ್ಸಿನ್ (ಬೂಷ್ಟಿನ ವಿಷ) ನೋಡ್ಬೇಕಾದ್ರೆ ಬೇರೆ ಸ್ಟ್ರಿಪ್ಪು, ಪುಡಿ ಮಾಡಿ ಮೆಥನಾಲ್ (ವಿಷದ ಸ್ಪಿರಿಟ್) ಹಾಕಿ ಕಲಕಿ ಸೋಸ್ಬೇಕು, ಇಷ್ಟಾದ್ರೂ ಬೂಷ್ಟು ಹಿಡಿದಿರೋದು ಮೂಟೇಲಿ ಎಲ್ಲೋ ನಾಲ್ಕು ಕಾಳಿಗೆ, ನೀವು ತೆಗೆದ ಹಿಡೀಲಿ ಅದು ಸಿಗ್ಬೇಕಲ್ಲ. ಅಡುಗೆಮನೇಲಿ ಮೆಥನಾಲ್ ಬೇರೆ, ಬೇಡಪ್ಪಾ.

ಕ್ಯೂವೆಟ್ ತೊಳೆಯೋಕೆ ಬಟ್ಟೆ ಸೋಪ್‌ಪುಡಿ ಮುಟ್ಟಿಸ್ಬೇಡಿ, ಬಟ್ಟೆ ಬೆಳ್ಳಗೆ ಕಾಣ್ಲಿ ಅಂತ ಅದಕ್ಕೆ ಹಾಕಿರೋ ಬ್ರೈಟ್ನರ್ ಯುವಿಯಲ್ಲಿ ನೀಲಿಯಾಗಿ ಹೊಳೆದು ರೀಡಿಂಗ್ ಹಾಳು. ಮಳೆಗಾಲದ ಕೆಂಪು ನೀರಿಗೂ ರೀಡಿಂಗ್ ನಂಬೋ ಹಾಗಿಲ್ಲ.

ಕಂಪನಿ ಸರ್ವಿಸ್ ಅಷ್ಟಕ್ಕಷ್ಟೇ, ಎಕ್ಸ್‌ಪೈರಿ ಹತ್ರ ಬಂದಿರೋ ರೀಏಜೆಂಟ್ ಕಳಿಸಿ "ಫ್ರಿಜ್‌ನಲ್ಲಿಡಿ ಸರ್" ಅಂತಾರೆ, ಮೀಟರ್‌ಗಿಂತ ಅದಕ್ಕೇ ಜಾಸ್ತಿ ಖರ್ಚು. ಇನ್ನೊಂದು, ಈ ಮಾಡೆಲ್‌ನಲ್ಲಿ ಇ-ಕೋಲೈ (ಮಲದಿಂದ ನೀರಿಗೆ ಸೇರೋ ಬ್ಯಾಕ್ಟೀರಿಯಾ) ಗೊತ್ತಾಗಲ್ಲ, ಟ್ಯಾಂಕರ್ ನೀರಿಗೆ ಅದೇ ನಿಮ್ಮ ಭಯ ಆದ್ರೆ ಇದನ್ನ ತಗೋಬೇಡಿ. ಐದಕ್ಕೆ ಮೂರೂವರೆ.