ಗೇಟಿಗೆ ಪಿವಿಸಿ ಹೊದಿಕೆಯ ವೆಲ್ಡ್ ಮೆಶ್: ಕರಾವಳಿಯಲ್ಲಿ ಬಾಳುತ್ತದೆಯೇ?

ಡ್ಯಾಶ್‌ಹುಂಡ್, ಪೊಮೇರಿಯನ್‌ನಂಥ ಸಣ್ಣ ನಾಯಿ ಕಾಂಪೌಂಡ್ ಹಾರುವುದಕ್ಕಿಂತ ಗೇಟಿನ ಸರಳುಗಳ ನಡುವೆ ನುಸುಳುವುದೇ ಹೆಚ್ಚು. ಮಂಗಳೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಹಸಿರು ಪಿವಿಸಿ (ಪ್ಲಾಸ್ಟಿಕ್) ಹೊದಿಕೆಯ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ತಂತಿ ಜಾಲರಿ, ಇದಕ್ಕೆ ಒಳ್ಳೆಯ ಸಾಮಾನು. ಜಾಲರಿಯ ಕಣ್ಣು 1 ಇಂಚಿನದೇ ಇರಲಿ. ದೊಡ್ಡ ಕಣ್ಣಿನಲ್ಲಿ ಮರಿಯ ತಲೆ ಸಿಕ್ಕಿಕೊಳ್ಳಬಹುದು. 2 ಅಡಿ ಎತ್ತರಕ್ಕೆ ಗೇಟಿನ ಒಳಬದಿಗೇ ಕಟ್ಟಿ, ಆಗ ನಾಯಿ ತಳ್ಳಿದರೂ ಮೆಶ್ ಸರಳಿಗೆ ಒರಗಿ ನಿಲ್ಲುತ್ತದೆ. ಬಿಳಿ ಕೇಬಲ್ ಟೈ ಬೇಡವೇ ಬೇಡ, ಬಿಸಿಲಿಗೆ ಮುರಿದು ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಂತಿಯಿಂದ ಬಿಗಿದು, ಚೂಪು ತುದಿಯನ್ನು ಹೊರಕ್ಕೆ ತಿರುಗಿಸಿ.

ದೋಷ ಒಂದೇ, ಆದರೆ ನಮ್ಮ ಕಡೆಗೆ ದೊಡ್ಡದು. ಕತ್ತರಿಸಿದ ತುದಿಯಲ್ಲಿ ಹೊದಿಕೆ ಇರುವುದಿಲ್ಲ; ಉಪ್ಪುಗಾಳಿಗೆ ಅಲ್ಲಿಂದ ಶುರುವಾದ ತುಕ್ಕು ಹೊದಿಕೆಯ ಒಳಗೇ ಹಬ್ಬುತ್ತದೆ, ಹೊರಗೆ ಕಾಣುವುದೂ ಇಲ್ಲ. ಕತ್ತರಿಸಿದ ದಿನವೇ ಝಿಂಕ್ ಪ್ರೈಮರ್ ಹಚ್ಚಬೇಕು.

ಗೇಟಿನಡಿ ಬರೀ ಮಣ್ಣಿದ್ದರೆ ಮೆಶ್ ಸಾಲದು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನೆನೆದ ಮಣ್ಣನ್ನು ನಾಯಿ ಸುಲಭವಾಗಿ ಕೆರೆಯುತ್ತದೆ. ಅಲ್ಲಿ ಕೆಂಪು ಕಲ್ಲಿನ ಒಂದು ಸಾಲು ಹೂಳಿ. ಕಾಂಪೌಂಡಿನಲ್ಲಿ ಮಳೆನೀರು ಹೋಗುವ ಕಿಂಡಿಗೆ ಮಾತ್ರ ಈ ಮೆಶ್ ಹಾಕಬೇಡಿ. ತರಗೆಲೆ ಕಟ್ಟಿಕೊಂಡು ಅಂಗಳದಲ್ಲಿ ನೀರು ನಿಲ್ಲುತ್ತದೆ. ಅಲ್ಲಿಗೆ ಒಂದೂವರೆ ಇಂಚು ಅಂತರದ ನೆಟ್ಟಗಿನ ಸರಳುಗಳೇ ಸರಿ.